ಮೊದಲ ಟ್ಯೂಬ್ ಆಂಪ್: ಕಟ್ಟಬೇಕಾ, ಕೊಳ್ಳಬೇಕಾ?

ಗಿಟಾರ್ ನುಡಿಸುವವರಿಗೆ ಒಂದಲ್ಲ ಒಂದು ದಿನ ಈ ಹುಚ್ಚು ಹಿಡಿಯುತ್ತದೆ. ಟ್ಯೂಬ್ ಆಂಪ್‌ನ, ಅಂದರೆ ಗಾಜಿನ ವಾಲ್ವುಗಳಿಂದ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ನ, ದನಿ ಎಲ್ಲೋ ಕೇಳಿರುತ್ತಾರೆ. ಅಂಗಡಿಯಲ್ಲಿ ಬೆಲೆ ವಿಚಾರಿಸಿ ಸುಮ್ಮನಾಗಿರುತ್ತಾರೆ. ಆಮೇಲೆ ಗೆಳೆಯರೊಬ್ಬರು ಹೇಳುತ್ತಾರೆ: "ಅದರೊಳಗೆ ಏನಿದೆ ಮಹಾ? ಮೂರು ವಾಲ್ವು, ಒಂದಷ್ಟು ರೆಸಿಸ್ಟರ್ರು. ನೀನೇ ಮಾಡ್ಕೋ." ಮಾತು ಸುಳ್ಳಲ್ಲ. ಸಣ್ಣ ಟ್ಯೂಬ್ ಆಂಪ್‌ನ ಒಳಗೆ ಇರುವುದು ಹೆಚ್ಚುಕಮ್ಮಿ ಅಷ್ಟೇ. ಅದೇ ಡಬ್ಬಿಯಲ್ಲಿ 350 ವೋಲ್ಟ್ ಡಿಸಿ ಕೂಡ ಇರುತ್ತದೆ ಅನ್ನುವುದನ್ನು ಮಾತ್ರ ಆ ಗೆಳೆಯರು ಹೇಳಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಳಗೆ ಏನು ನಡೆಯುತ್ತದೆ ಅಂತ ತಿಳಿಯುವ ಆಸೆ ಇದ್ದರೆ, ಒಂದೊಂದು ವೈರನ್ನೂ ಎರಡೆರಡು ಸಲ ನೋಡುವ ತಾಳ್ಮೆ ಇದ್ದರೆ, ಖಂಡಿತ ಕಟ್ಟಿ. ಇಷ್ಟು ಖುಷಿ ಕೊಡುವ ಎಲೆಕ್ಟ್ರಾನಿಕ್ಸ್ ಕೆಲಸ ಇನ್ನೊಂದಿಲ್ಲ. ದುಡ್ಡು ಉಳಿಸುವುದಕ್ಕೆ ಅಂತಾದರೆ ಬೇಡ. ಉಳಿಯುವುದಿಲ್ಲ. ರೆಸಿಸ್ಟರ್, ಕೆಪಾಸಿಟರ್ ಎಲ್ಲ ಚಿಲ್ಲರೆ ಕಾಸಿನ ಬಾಬತ್ತು. ಆದರೆ ಎರಡು ಟ್ರಾನ್ಸ್‌ಫಾರ್ಮರ್, ಮೂರು ವಾಲ್ವು, ಒಂದು ಸ್ಪೀಕರ್ ಸೇರಿದರೆ ಖರ್ಚಿನ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಟ್ರಾನ್ಸ್‌ಫಾರ್ಮರ್ ಅಂದರೆ ಕಬ್ಬಿಣ ಮತ್ತು ತಾಮ್ರ. ಹೊರದೇಶದಿಂದ ತರಿಸಿದರೆ ತೂಕಕ್ಕೆ ಸಾಗಣೆ ದುಡ್ಡು, ಮೇಲೆ ಕಸ್ಟಮ್ಸ್ ಸುಂಕ. ಮರದ ಡಬ್ಬಿ ಮಾಡಿಸಲು ಕಾರ್ಪೆಂಟರ್ ಕೂಲಿ ಬೇರೆ. ಅಷ್ಟು ದುಡ್ಡಿಗೆ ಟ್ರಾನ್ಸಿಸ್ಟರ್ ಆಂಪ್ ಒಂದು ಒಳ್ಳೆಯದೇ ಬರುತ್ತದೆ, ಅದಕ್ಕೆ ವಾರಂಟಿಯೂ ಇರುತ್ತದೆ.

ಹಾಗಾದರೆ ಮೊದಲು ಕಟ್ಟುವುದು ಯಾವುದನ್ನು? ನಾನು ಹೇಳುವುದು ಒಂದೇ ಹೆಸರು: ಫೆಂಡರ್ ಚಾಂಪ್, ಅದರಲ್ಲೂ 1950ರ ದಶಕದ ಕೊನೆಯ ಭಾಗದ 5ಎಫ್1 ಅನ್ನುವ ಸರ್ಕ್ಯೂಟ್. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಚಾಂಪ್ ಆತನ ಕಂಪನಿಯ ಅತಿ ಚಿಕ್ಕ ಆಂಪ್. ಗಿಟಾರ್ ಕಲಿಯುವ ಮಕ್ಕಳಿಗೆಂದು ಮಾಡಿದ್ದು. ಒಂದೇ ಒಂದು ವಾಲ್ಯೂಮ್ ಗುಬಟು, 8 ಇಂಚಿನ ಸ್ಪೀಕರ್, ಸುಮಾರು 5 ವಾಟ್ ಶಕ್ತಿ. ನಮ್ಮಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊದ ಹಿಂಬದಿ ರಟ್ಟು ಬಿಚ್ಚಿ ನೋಡಿದವರಿಗೆ ಇದು ಹೊಸದೇನಲ್ಲ. ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವ ಭಾಗ ತೆಗೆದು, ಸದ್ದು ಮಾಡುವ ಭಾಗವನ್ನಷ್ಟೇ ಇಟ್ಟುಕೊಂಡರೆ ಉಳಿಯುವುದು ಚಾಂಪ್‌ನಂಥದ್ದೇ ಒಂದು ಸರ್ಕ್ಯೂಟ್.

ಸ್ವಂತ ಡಿಸೈನ್ ಮಾಡುತ್ತೇನೆ ಅಂತ ಹೊರಡಬೇಡಿ. ಹೆಸರಾಂತ ಕಂಪನಿಗಳೂ ಹಾಗೆ ಶುರು ಮಾಡಲಿಲ್ಲ. ಲಂಡನ್ನಿನಲ್ಲಿ 1960ರ ದಶಕದ ಆರಂಭದಲ್ಲಿ ಹುಟ್ಟಿದ ಮಾರ್ಷಲ್‌ನ ಮೊದಲ ಆಂಪ್ ಜೆಟಿಎಂ45 ಕೂಡ ಫೆಂಡರ್‌ನ ಬಾಸ್‌ಮನ್ ಅನ್ನುವ ಆಂಪ್‌ನ ಸರ್ಕ್ಯೂಟನ್ನೇ ಹಿಡಿದು ಕಟ್ಟಿದ್ದು. ಚಾಂಪ್‌ನ ನಕ್ಷೆ, ಎಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನುವ ವಿವರ ಎಲ್ಲವೂ ಸುಲಭವಾಗಿ ಸಿಗುತ್ತವೆ. ನಿಮ್ಮದು ಕೆಲಸ ಮಾಡದಿದ್ದರೆ ಹೋಲಿಸಿ ನೋಡಲು ಒಂದು ಸರಿ ಉತ್ತರ ಇರುತ್ತದೆ. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಈಗ ಒಳಗಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬರೋಣ. ಕಟ್ಟುವ ಮನಸ್ಸು ಬರುತ್ತದೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ.

ಗಿಟಾರ್ ತಂತಿ ಮೀಟಿದಾಗ ಪಿಕಪ್‌ನಿಂದ (ತಂತಿಯ ಅಲುಗಾಟವನ್ನು ಕರೆಂಟ್ ಮಾಡುವ ಭಾಗ) ಬರುವುದು ಒಂದು ವೋಲ್ಟ್‌ನ ಹತ್ತನೇ ಒಂದು ಭಾಗದಷ್ಟು ಸಣ್ಣ ಸಿಗ್ನಲ್. ಅದು 68 ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ದಾಟಿ 12ಎಎಕ್ಸ್7 ವಾಲ್ವಿನ ಗ್ರಿಡ್‌ಗೆ ಬರುತ್ತದೆ. ಯುರೋಪಿನವರು ಇದೇ ವಾಲ್ವನ್ನು ಇಸಿಸಿ83 ಅನ್ನುತ್ತಾರೆ. ಗಾಜಿನೊಳಗೆ ಕ್ಯಾಥೋಡ್ ಬಿಸಿಯಾಗಿ ಎಲೆಕ್ಟ್ರಾನ್‌ಗಳನ್ನು ಬಿಡುತ್ತಿರುತ್ತದೆ. ಹೊರಗಿನ ಪ್ಲೇಟಿನಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವು ಅತ್ತ ಓಡುತ್ತವೆ. ನಡುವೆ ಇರುವ ತಂತಿ ಜಾಲರಿಯೇ ಗ್ರಿಡ್. ಅದು ನಲ್ಲಿಯ ತಿರುಪಿನ ಹಾಗೆ. ತಿರುಪಿಗೆ ಬೇಕಾದ ಬಲ ಚೂರೇ ಚೂರು, ಅದು ಹಿಡಿತದಲ್ಲಿಡುವ ನೀರು ಬಹಳ. ಗ್ರಿಡ್‌ನ ವೋಲ್ಟೇಜ್ ಚೂರು ಅಲ್ಲಾಡಿದರೂ ಪ್ಲೇಟಿಗೆ ಹೋಗುವ ಕರೆಂಟ್ ಕುಣಿಯುತ್ತದೆ. ಆ ಕರೆಂಟ್ 100 ಕೆ ರೆಸಿಸ್ಟರ್ ಮೂಲಕ ಹರಿಯುವಾಗ ಅದರ ತುದಿಯಲ್ಲಿ ಹತ್ತಾರು ಪಟ್ಟು ದೊಡ್ಡ ಸಿಗ್ನಲ್ ಸಿಗುತ್ತದೆ.

ಪ್ಲೇಟಿನಲ್ಲಿ ಸಿಗ್ನಲ್ ಜೊತೆಗೆ ನೂರಕ್ಕೂ ಹೆಚ್ಚು ವೋಲ್ಟ್ ಡಿಸಿ ಇದೆ ಅಲ್ವಾ, ಅದನ್ನು 0.02 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ತಡೆದು ಸಿಗ್ನಲನ್ನು ಮಾತ್ರ ಮುಂದೆ ಬಿಡುತ್ತದೆ. ಆಮೇಲೆ ವಾಲ್ಯೂಮ್ ಪಾಟ್, ಅಂದರೆ ವಾಲ್ಯೂಮ್ ಗುಬಟಿನ ಹಿಂದಿನ ರೆಸಿಸ್ಟರ್. ಅಲ್ಲಿಂದ ಅದೇ 12ಎಎಕ್ಸ್7ನ ಇನ್ನೊಂದು ಅರ್ಧಕ್ಕೆ. ಒಂದು ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಕ್ಯಾಥೋಡ್-ಗ್ರಿಡ್-ಪ್ಲೇಟ್‌ನ ಎರಡು ಜೋಡಣೆ, ಇರುತ್ತವೆ. ಇನ್ನೊಮ್ಮೆ ದೊಡ್ಡದಾಗಿ, ಇನ್ನೊಂದು ಕೆಪಾಸಿಟರ್ ದಾಟಿ 6ವಿ6 ಅನ್ನುವ ಪವರ್ ವಾಲ್ವಿಗೆ ಬರುತ್ತದೆ. ಮೂರನೆಯ ವಾಲ್ವು 5ವೈ3. ಅದರ ಕೆಲಸ ಎಸಿಯನ್ನು ಡಿಸಿ ಮಾಡುವುದು, ಸಿಗ್ನಲ್‌ಗೂ ಅದಕ್ಕೂ ನೇರ ಸಂಬಂಧ ಇಲ್ಲ.

6ವಿ6ನಿಂದ ಸ್ಪೀಕರಿಗೆ ನೇರ ವೈರ್ ಎಳೆಯಲು ಆಗುವುದಿಲ್ಲ. ಆ ವಾಲ್ವಿಗೆ ಎದುರುಗಡೆ ಸುಮಾರು 5000 ಓಮ್ ಇದ್ದರೆ ಹಿತ. ಸ್ಪೀಕರ್ 8 ಓಮ್‌ನದು ಅಂತಿಟ್ಟುಕೊಳ್ಳಿ. ಈ ಎರಡನ್ನು ಹೊಂದಿಸುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5000ವನ್ನು 8ರಿಂದ ಭಾಗಿಸಿದರೆ 625. ಅದರ ವರ್ಗಮೂಲ 25. ಅಂದರೆ ಒಂದು ಕಡೆ 25 ಸುತ್ತು ಇದ್ದರೆ ಇನ್ನೊಂದು ಕಡೆ ಒಂದು ಸುತ್ತು. ಇಡೀ ಆಂಪ್‌ನಲ್ಲಿ ದನಿಯ ಗುಣವನ್ನು ಅತಿ ಹೆಚ್ಚು ನಿರ್ಧರಿಸುವ ಭಾಗಗಳಲ್ಲಿ ಇದೂ ಒಂದು. ಇಲ್ಲಿ ಜಿಪುಣತನ ಮಾಡಬೇಡಿ. ಚಾಂಪ್‌ನಂಥ ಒಂದೇ ಪವರ್ ವಾಲ್ವಿನ ಆಂಪ್‌ನಲ್ಲಿ ಡಿಸಿ ಸದಾ ಈ ಟ್ರಾನ್ಸ್‌ಫಾರ್ಮರ್ ಮೂಲಕ ಹರಿಯುತ್ತಿರುತ್ತದೆ. ಒಳಗಿನ ಕಬ್ಬಿಣದ ಕೋರ್ ಅದಕ್ಕೇ ದಣಿದುಹೋಗಬಾರದು ಅಂತ ಅದರ ಪಟ್ಟಿಗಳ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಸಂದು ಇಲ್ಲದ ಮಾಮೂಲಿ ಟ್ರಾನ್ಸ್‌ಫಾರ್ಮರ್ ಹಾಕಿದರೆ ಬಾಸ್ ಹೋಗುತ್ತದೆ, ದನಿ ಕೆಡುತ್ತದೆ. ಇನ್ನೊಂದು ಮಾತು: ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಲೇಬಾರದು. ಲೋಡ್ ಇಲ್ಲದಿದ್ದರೆ ಪ್ರೈಮರಿಯಲ್ಲಿ, ಅಂದರೆ ಕರೆಂಟ್ ಒಳಬರುವ ಕಡೆಯ ಸುತ್ತಿನಲ್ಲಿ, ವೋಲ್ಟೇಜ್ ವಿಪರೀತ ಏರಿ ಟ್ರಾನ್ಸ್‌ಫಾರ್ಮರ್ ಒಳಗೇ ಕಿಡಿ ಹಾರಿ ಸುಟ್ಟುಹೋಗಬಹುದು.

ಜನ ಮರುಳಾಗುವ ಆ ದನಿ ಬರುವುದು ಈ ದಾರಿಯುದ್ದಕ್ಕೂ. ವಾಲ್ಯೂಮ್ ಏರಿಸಿದಂತೆ ವಾಲ್ವು ತನ್ನ ಮಿತಿ ಮುಟ್ಟುತ್ತದೆ, ಆದರೆ ಕತ್ತರಿಸಿದ ಹಾಗೆ ಮುಟ್ಟುವುದಿಲ್ಲ. ಸಿಗ್ನಲ್‌ನ ತಲೆ ಮೆಲ್ಲಗೆ ದುಂಡಾಗುತ್ತಾ ಹೋಗುತ್ತದೆ. ಜೋರಾಗಿ ಮೀಟಿದರೆ ಒರಟು, ಹಗುರವಾಗಿ ಮೀಟಿದರೆ ಸ್ವಚ್ಛ. ಬೆರಳಿನ ಮಾತು ಕೇಳುವ ಆಂಪ್ ಅಂತ ಗಿಟಾರಿನವರು ಹೇಳುವುದು ಇದನ್ನೇ. ಚಾಂಪ್‌ನಲ್ಲಿ 5ವೈ3 ರೆಕ್ಟಿಫೈಯರ್ ಇರುವುದರಿಂದ ವೋಲ್ಟೇಜ್ ಕುಗ್ಗಿ ದನಿ ಮೆತ್ತಗಾಗುತ್ತದೆ ಅಂತ ಹಲವರು ಹೇಳುತ್ತಾರೆ. ಇದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಈ ಆಂಪ್ ಸುಮ್ನೆ ಇದ್ದಾಗಲೂ ನುಡಿಸಿದಾಗಲೂ ಎಳೆಯುವ ಕರೆಂಟ್ ಹೆಚ್ಚುಕಮ್ಮಿ ಒಂದೇ. ಕುಗ್ಗಲು ಅಂಥ ಕಾರಣ ಇಲ್ಲ. ಎರಡು ಪವರ್ ವಾಲ್ವಿನ ದೊಡ್ಡ ಆಂಪ್‌ಗಳಲ್ಲಿ ಆ ಮಾತು ನಿಜ.

5 ವಾಟ್ ಅಂದರೆ ಸಣ್ಣದು ಅಂತ ಮೂಗು ಮುರಿಯುವವರಿಗೆ ಒಂದು ಲೆಕ್ಕ. ಗಿಟಾರ್ ಸ್ಪೀಕರ್ ಒಂದಕ್ಕೆ 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಬರುತ್ತದೆ ಅಂತಿಟ್ಟುಕೊಳ್ಳಿ. 5 ವಾಟ್ ಕೊಟ್ಟರೆ ಅದಕ್ಕೆ 7 ಡೆಸಿಬೆಲ್ ಸೇರಿ 102. ನಾವು ಮಾತಾಡುವುದು ಸುಮಾರು 60ರಲ್ಲಿ. 50 ವಾಟ್ ಆಂಪ್ ಇದಕ್ಕಿಂತ 10 ಡೆಸಿಬೆಲ್ ಜಾಸ್ತಿ, ಕಿವಿಗೆ ಸುಮಾರು ಎರಡರಷ್ಟು ಸದ್ದು ಅನಿಸುತ್ತದೆ ಅಷ್ಟೇ. ಅಂದರೆ ಚಾಂಪ್ ಪೂರ್ತಿ ಏರಿಸಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನುಡಿಸಿದರೆ ಮೇಲಿನ ಮನೆ, ಕೆಳಗಿನ ಮನೆ ಎರಡೂ ಬಾಗಿಲು ತಟ್ಟುತ್ತವೆ. ಸಣ್ಣ ಕೋಣೆಯಲ್ಲಿ ರಾತ್ರಿ ಹೊತ್ತು ಅಭ್ಯಾಸ ಮಾಡುವುದೇ ನಿಮ್ಮ ಅಗತ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳುವ ಡಿಜಿಟಲ್ ಆಂಪ್ ಕೊಳ್ಳುವುದೇ ಜಾಣತನ. ಇದು ಸೋಲೇನಲ್ಲ.

ಇನ್ನು ಅಪಾಯದ ಮಾತು. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ಮನೆಯ 230 ವೋಲ್ಟ್ ಎಸಿ ಎಲ್ಲರಿಗೂ ಗೊತ್ತು. ಆಂಪ್ ಒಳಗಿನ 350 ವೋಲ್ಟ್ ಡಿಸಿಯೂ ಜೀವ ತೆಗೆಯಬಲ್ಲದು. ಮನೆಯಲ್ಲಿ ಆರ್‌ಸಿಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ಅದು ಟ್ರಿಪ್ ಆಗುತ್ತದೆ ಅನ್ನುವ ಧೈರ್ಯ ಬಹಳ ಜನಕ್ಕಿದೆ. ಆಂಪ್ ಒಳಗೆ ಆ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಆರ್‌ಸಿಸಿಬಿ ನೋಡುವುದು ಲೈನ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಅಂತ. ಪವರ್ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ನಿಮ್ಮ ಒಂದು ಕೈ 350 ವೋಲ್ಟ್ ಮೇಲೆ, ಇನ್ನೊಂದು ಕೈ ಚಾಸಿಸ್ (ಎಲ್ಲ ಜೋಡಿಸಿರುವ ಲೋಹದ ತಟ್ಟೆ) ಮೇಲೆ ಇದ್ದರೆ ಕರೆಂಟ್ ನಿಮ್ಮ ಎದೆ ದಾಟಿ ಅದೇ ಸುತ್ತಿಗೆ ಮರಳುತ್ತದೆ. ಗೋಡೆಯ ಕಡೆಯಿಂದ ನೋಡಿದರೆ ಲೆಕ್ಕ ಸರಿಯಾಗೇ ಇದೆ. ಅದು ಟ್ರಿಪ್ ಆಗುವುದಿಲ್ಲ. ಹಳೆಯ ರೇಡಿಯೊ ಮೆಕ್ಯಾನಿಕ್‌ಗಳು ಒಂದು ಕೈಯನ್ನು ಜೇಬಿನಲ್ಲಿಟ್ಟು ಅಳೆಯುತ್ತಿದ್ದುದು ಇದಕ್ಕೇ.

ಪ್ಲಗ್ ಕಿತ್ತ ಮೇಲೂ ಮುಗಿಯಲಿಲ್ಲ. ಡಿಸಿಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳು, ರಿಪೇರಿಯವರ ಮಾತಿನಲ್ಲಿ ಕಂಡೆನ್ಸರ್‌ಗಳು, ಚಾರ್ಜ್ ಹಿಡಿದುಕೊಂಡೇ ಇರುತ್ತವೆ. ವಾಲ್ವುಗಳು ಬಿಸಿಯಾಗಿ ಕೆಲಸ ಮಾಡುತ್ತಿದ್ದರೆ ಅವೇ ಅದನ್ನು ಖಾಲಿ ಮಾಡುತ್ತವೆ. ಯಾವುದೋ ತಪ್ಪಿನಿಂದ ವಾಲ್ವು ಕೆಲಸ ಮಾಡದೇ ಇದ್ದಾಗ, ಅಂದರೆ ನೀವು ಕೈ ಹಾಕಲು ಹೊರಡುವ ಹೊತ್ತಿನಲ್ಲೇ, ಚಾರ್ಜ್ ಹಾಗೇ ಉಳಿದಿರುತ್ತದೆ. ಇದಕ್ಕೆ ಸುಲಭದ ಉಪಾಯ ಉಂಟು. ಫಿಲ್ಟರ್ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕೆ, 2 ವಾಟ್ ರೆಸಿಸ್ಟರ್ ಒಂದನ್ನು ಕಾಯಂ ಬೆಸೆದುಬಿಡಿ. ಚಾಂಪ್‌ನ ಕೆಪಾಸಿಟರ್‌ಗಳು ಒಟ್ಟು 32 ಮೈಕ್ರೊಫ್ಯಾರಡ್. ಅರ್ಧ ನಿಮಿಷ ದಾಟಿದ ಮೇಲೆ ಅವು ಖಾಲಿ. ಆದರೂ ಮೀಟರ್ ಹಿಡಿದು ಸೊನ್ನೆ ನೋಡದೆ ಬೆರಳು ಹಾಕಬಾರದು. ರೆಸಿಸ್ಟರ್ ಬೆಸುಗೆಯೇ ಬಿಟ್ಟಿರಬಹುದು.

ಅರ್ತಿಂಗ್ ಬಗ್ಗೆ ಎರಡು ಮಾತು. ಮೂರು ಪಿನ್ ಪ್ಲಗ್‌ನ ಹಸಿರು ವೈರನ್ನು ಚಾಸಿಸ್‌ಗೆ ಅದರದೇ ಒಂದು ಬೋಲ್ಟ್ ಹಾಕಿ ಬಿಗಿಯಿರಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಚಾಸಿಸ್‌ಗೇ ಸೇರಿರುತ್ತವೆ, ಅಂದರೆ ಚಾಸಿಸ್‌ನಲ್ಲಿ ಏನಿದೆಯೋ ಅದು ನಿಮ್ಮ ಬೆರಳಿನಲ್ಲೂ ಇದೆ. ಸ್ಟೇಜ್ ಮೇಲೆ ಗುಂಯ್ ಸದ್ದು ಬಂತು ಅಂತ ಅರ್ತ್ ಪಿನ್ ಕತ್ತರಿಸುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಯಾರೂ ಮಾಡಬೇಡಿ. ಮನೆಯ ಸಾಕೆಟ್‌ನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ತಿಂಗ್ ಇದೆ ಅಂತಲೂ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

"ಮನೆಯಲ್ಲಿ ಹಳೇ ವಾಲ್ವ್ ರೇಡಿಯೊ ಇದೆ, ಅದನ್ನೇ ಗಿಟಾರ್ ಆಂಪ್ ಮಾಡಿದರೆ ಹೇಗೆ?" ಅಂತ ಕೇಳುವವರು ಬಹಳ. ಎಸಿ-ಡಿಸಿ ಸೆಟ್ ಅಂತ ಕರೆಯುತ್ತಿದ್ದ ರೇಡಿಯೊಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಕರೆಂಟಿನ ಒಂದು ವೈರ್ ನೇರವಾಗಿ ಚಾಸಿಸ್‌ಗೆ ಹೋಗಿರುತ್ತದೆ. ಪ್ಲಗ್ ಉಲ್ಟಾ ಹಾಕಿದರೆ ಚಾಸಿಸ್ ಪೂರ್ತಿ ಲೈವ್. ಮರದ ಪೆಟ್ಟಿಗೆ, ಬೇಕಲೈಟ್ ಗುಬಟು ಇದ್ದುದರಿಂದ ರೇಡಿಯೊ ಕೇಳುವವರಿಗೆ ಅದು ತಾಗುತ್ತಿರಲಿಲ್ಲ. ಅದಕ್ಕೆ ಗಿಟಾರ್ ಚುಚ್ಚಿದರೆ ಆ 230 ವೋಲ್ಟ್ ತಂತಿಗೆ ಬರುತ್ತದೆ. ಅಂಥ ರೇಡಿಯೊವನ್ನು ರೇಡಿಯೊವಾಗಿಯೇ ಇರಲು ಬಿಡಿ.

ಸಾಮಾನು ಹೊಂದಿಸುವುದು ನಮ್ಮಲ್ಲಿ ಬೇರೆಯದೇ ತಲೆನೋವು. ಅಮೆರಿಕದ ಕಿಟ್ ತರಿಸುವುದಾದರೆ ಮೊದಲು ಕೇಳಬೇಕಾದ್ದು ಪವರ್ ಟ್ರಾನ್ಸ್‌ಫಾರ್ಮರ್ ಬಗ್ಗೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಸ್ಟೆಪ್ ಡೌನ್ ಹಾಕಿ ವೋಲ್ಟೇಜ್ ಇಳಿಸಬಹುದು, ಹರ್ಟ್ಜ್ ಬದಲಾಗುವುದಿಲ್ಲ. 60 ಹರ್ಟ್ಜ್‌ಗೆ ಅಂತಲೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಹಾಗಾಗಿ 230 ಅಥವಾ 240 ವೋಲ್ಟ್ ಪ್ರೈಮರಿ ಇರುವುದನ್ನೇ ಕೇಳಿ ತರಿಸಿ. 220ರದ್ದು ಹಾಕಿದರೆ, ಲೈನ್ 240ಕ್ಕೆ ಏರುವ ಕಡೆ ಒಳಗಿನ ಎಲ್ಲ ವೋಲ್ಟೇಜೂ ನೂರಕ್ಕೆ ಒಂಬತ್ತರಷ್ಟು ಮೇಲೆ ಹೋಗುತ್ತವೆ. ವಾಲ್ವಿನ ಕ್ಯಾಥೋಡನ್ನು ಕಾಯಿಸುವ 6.3 ವೋಲ್ಟ್‌ನ ಹೀಟರ್‌ಗೆ 6.9 ಸಿಕ್ಕರೆ ಅದರ ಆಯಸ್ಸು ಕಮ್ಮಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರೆಸಿಸ್ಟರ್, ಸ್ವಿಚ್, ಫ್ಯೂಸ್ ಹೋಲ್ಡರ್, ವೈರ್, ಸೋಲ್ಡರಿಂಗ್ ಐರನ್ ಎಲ್ಲ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರೂ ಊರಲ್ಲಿದ್ದಾರೆ. ಪವರ್ ಟ್ರಾನ್ಸ್‌ಫಾರ್ಮರನ್ನು ಅವರ ಹತ್ತಿರ ಸುತ್ತಿಸಬಹುದು, ಔಟ್‌ಪುಟ್‌ನದನ್ನು ಆಡಿಯೊ ಟ್ರಾನ್ಸ್‌ಫಾರ್ಮರ್ ಮಾಡಿ ಅನುಭವ ಇದ್ದವರ ಹತ್ತಿರ ಮಾತ್ರ. ವಾಲ್ವುಗಳು ಇವತ್ತು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದ ಕೆಲವೇ ಕಾರ್ಖಾನೆಗಳಿಂದ ಬರುತ್ತವೆ. 2022ರಲ್ಲಿ ಯುದ್ಧದ ಕಾರಣ ರಷ್ಯಾದ ಸರಬರಾಜಿಗೆ ತಡೆ ಬಿದ್ದಾಗ ಜಗತ್ತಿನ ಗಿಟಾರಿನವರೆಲ್ಲ ಗಾಬರಿಯಾದರು. ಒಂದು ಕಾಲದಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ರೇಡಿಯೊ ವಾಲ್ವುಗಳು ತಯಾರಾಗುತ್ತಿದ್ದವು ಅನ್ನುವುದು ನೆನಪಾದಾಗ ಹೊಟ್ಟೆ ಚುರ್ ಅನ್ನುತ್ತದೆ. ಬಿಇಎಲ್ ಮುದ್ರೆಯ ಹಳೇ ವಾಲ್ವು ಕೈಗೆ ಸಿಕ್ಕರೆ ಬಿಸಾಡಬೇಡಿ.

ಕೈಕೆಲಸದ ವಿಷಯಕ್ಕೆ ಬಂದರೆ, ಇದುವರೆಗೆ ಸೋಲ್ಡರಿಂಗ್ ಐರನ್ ಹಿಡಿದೇ ಇಲ್ಲ ಅನ್ನುವವರು ಮೊದಲು 9 ವೋಲ್ಟ್ ಬ್ಯಾಟರಿಯ ಫಜ್ ಪೆಡಲ್ (ಗಿಟಾರ್ ದನಿಯನ್ನು ಒರಟು ಮಾಡುವ ಸಣ್ಣ ಡಬ್ಬಿ) ಒಂದನ್ನು ಕಟ್ಟಲಿ. ಒಳ್ಳೆಯ ಬೆಸುಗೆ ನುಣುಪಾಗಿ ಹೊಳೆಯುತ್ತದೆ, ವೈರಿನ ಸುತ್ತ ಹರಡಿಕೊಂಡಿರುತ್ತದೆ. ಕೆಟ್ಟದ್ದು ಮಂಕಾಗಿ ಉಂಡೆ ಕಟ್ಟಿರುತ್ತದೆ. ಪೆಡಲ್‌ನಲ್ಲಿ ಕೆಟ್ಟ ಬೆಸುಗೆ ಇದ್ದರೆ ಸದ್ದು ಬರುವುದಿಲ್ಲ ಅಷ್ಟೇ. ಕಲಿಯುವುದಕ್ಕೆ ಅದೇ ಸರಿಯಾದ ಜಾಗ.

ಕಟ್ಟಿ ಮುಗಿದ ದಿನ ಪ್ಲಗ್ ಹಾಕಿ ಸ್ವಿಚ್ ಒತ್ತುವ ಆತುರ ಇರುತ್ತದೆ. ಅದಕ್ಕೆ ಮುಂಚೆ ಒಂದು ಬಲ್ಬ್ ಹೋಲ್ಡರ್‌ಗೆ 60 ವಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಹಾಕಿ, ಅದನ್ನು ಆಂಪ್‌ಗೆ ಬರುವ ಲೈನ್‌ನಲ್ಲಿ ಸೀರೀಸ್ ಜೋಡಿಸಿ. ಎಲ್‌ಇಡಿ ಬಲ್ಬ್ ಇಲ್ಲಿ ಆಗುವುದಿಲ್ಲ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಮೊದಲು ವಾಲ್ವು ಹಾಕದೆ ಆನ್ ಮಾಡಿ ಹೀಟರ್ ವೋಲ್ಟೇಜ್ ಅಳೆಯಿರಿ. ಆಫ್ ಮಾಡಿ, ಸ್ಪೀಕರ್ ಜೋಡಿಸಿ, ಮೂರೂ ವಾಲ್ವು ಹಾಕಿ. 5ವೈ3 ಬೇಗ ಬಿಸಿಯಾಗುತ್ತದೆ, ಉಳಿದೆರಡು ನಿಧಾನ. ಅಷ್ಟು ಹೊತ್ತು ಕರೆಂಟ್ ಎಳೆಯುವವರಿಲ್ಲದೆ ಡಿಸಿ 450 ವೋಲ್ಟ್ ದಾಟಬಹುದು. ಫಿಲ್ಟರ್ ಕೆಪಾಸಿಟರ್‌ಗಳು 500 ವೋಲ್ಟ್‌ನವೇ ಇರಲಿ ಅನ್ನುವುದು ಇದಕ್ಕೆ.

ಬಲ್ಬ್ ತೆಗೆದು ನೇರ ಲೈನ್ ಕೊಟ್ಟ ಮೇಲೆ ಅಳೆಯಬೇಕಾದ ಮುಖ್ಯ ಜಾಗ 6ವಿ6ನ ಕ್ಯಾಥೋಡ್ ರೆಸಿಸ್ಟರ್. 470 ಓಮ್. ಅದರ ಎರಡು ತುದಿಯ ನಡುವೆ 18.8 ವೋಲ್ಟ್ ಸಿಕ್ಕಿತು ಅಂತಿಟ್ಟುಕೊಳ್ಳಿ. 470ರಿಂದ ಭಾಗಿಸಿದರೆ 40 ಮಿಲಿಆಂಪ್. ಅದರಲ್ಲಿ 4 ಸ್ಕ್ರೀನ್‌ನದು (ಗ್ರಿಡ್‌ನ ಆಚೆ ಇರುವ ಇನ್ನೊಂದು ಜಾಲರಿ), 36 ಪ್ಲೇಟಿನದು. ಪ್ಲೇಟಿಗೂ ಕ್ಯಾಥೋಡ್‌ಗೂ ನಡುವೆ 320 ವೋಲ್ಟ್ ಇದ್ದರೆ ಗುಣಿಸಿ: ಸುಮಾರು 11.5 ವಾಟ್. 6ವಿ6 ತಡೆಯುವುದು 12 ವಾಟ್ ಅಂತ ಹಳೇ ಪಟ್ಟಿಗಳು ಹೇಳುತ್ತವೆ. ಅಂದರೆ ನಿಮ್ಮ ಆಂಪ್ ಅಂಚಿನಲ್ಲಿದೆ, ಆದರೆ ಸರಿಯಾಗಿದೆ. ಚಾಂಪ್ ಹುಟ್ಟಿದ್ದೇ ಹಾಗೆ. ಗುಂಯ್ ಅನ್ನುತ್ತಿದ್ದರೆ ಕಿವಿಗೊಟ್ಟು ಕೇಳಿ. 50 ಹರ್ಟ್ಜ್‌ನ ತಗ್ಗಿನ ಗುಂಯ್ ಆದರೆ ಹೀಟರ್ ವೈರುಗಳನ್ನೋ ಗ್ರೌಂಡನ್ನೋ ಹುಡುಕಿ. ಅದಕ್ಕಿಂತ ಒಂದು ಸ್ಥಾಯಿ ಮೇಲಿನ 100 ಹರ್ಟ್ಜ್ ಆದರೆ ಫಿಲ್ಟರ್ ಕಡೆ ನೋಡಿ.

ಇಷ್ಟು ಓದಿದ ಮೇಲೂ ತೀರ್ಮಾನ ಆಗದಿದ್ದರೆ, ದುಡ್ಡು ಹಾಕುವ ಮುಂಚೆ 5ಎಫ್1ನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಕೆಂಪು ಪೆನ್ನಲ್ಲಿ ಇನ್‌ಪುಟ್ ಜಾಕ್‌ನಿಂದ ಸ್ಪೀಕರ್ ತನಕ ಸಿಗ್ನಲ್ ದಾರಿ ಎಳೆಯಿರಿ. ನೀಲಿ ಪೆನ್ನಲ್ಲಿ 100 ವೋಲ್ಟ್‌ಗಿಂತ ಜಾಸ್ತಿ ಇರುವ ಜಾಗಗಳಿಗೆಲ್ಲ ಗುರುತು ಹಾಕಿ. ಸ್ಪೀಕರ್‌ನಿಂದ 22 ಕೆ ರೆಸಿಸ್ಟರ್ ಒಂದು ಹಿಂದಕ್ಕೆ ಬರುತ್ತದೆ, ಅದು ಯಾಕೆ ಅಂತ ಯೋಚಿಸಿ. ಒಂದು ಸಂಜೆಯ ಕೆಲಸ. ಬೇಸರ ಬಂದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಆಂಪ್ ಹುಡುಕಿ, ನೆಮ್ಮದಿಯಾಗಿ ನುಡಿಸಿ. ಊಟದ ಹೊತ್ತು ಮರೆತುಹೋದರೆ ಟ್ರಾನ್ಸ್‌ಫಾರ್ಮರ್‌ಗಳನ್ನು ಮೊದಲು ಆರ್ಡರ್ ಮಾಡಿ. ಬರಲು ತಡವಾಗುವುದು ಅವೇ, ಮತ್ತು ಅವುಗಳ ಅಳತೆ ಗೊತ್ತಾಗದೆ ಚಾಸಿಸ್‌ಗೆ ತೂತು ಕೊರೆಯಲು ಆಗುವುದಿಲ್ಲ.